ಒಡೆಯದ ನಿಂಬೆಹಣ್ಣು

ಠಾಣೆಯಲ್ಲಿ ಬೇಡಿಗಳಿಗೆ ಕುಂಕುಮ ಇಡುತ್ತಿದ್ದಾಗ ಆವಲಪ್ಪ ಸೈಕಲ್ ತಳ್ಳಿಕೊಂಡು ಗೇಟಿನೊಳಗೆ ಬಂದ.

ಎಂಬತ್ಮೂರರ ಆಯುಧಪೂಜೆ. ಮಧ್ಯಾಹ್ನದ ಬಿಸಿಲು. ಜೀಪಿಗೆ ಬಾಳೆಕಂದು ಕಟ್ಟಿಯಾಗಿತ್ತು. ಲಾಠಿ, ಬಂದೂಕು, ಬೀಗ, ಬೇಡಿ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿ ಹೆಡ್ ಕಾನ್‌ಸ್ಟೆಬಲ್ ಹನುಮಂತಯ್ಯ ಗಂಧ ಹಚ್ಚುತ್ತಿದ್ದ. ಪೀಣ್ಯದ ಕಾರ್ಖಾನೆಗಳಿಂದ ತೇಲಿಬರುತ್ತಿದ್ದ ಧ್ವನಿವರ್ಧಕಗಳ ಗದ್ದಲದಲ್ಲಿ ಆವಲಪ್ಪನ ಕೂಗು ಮೊದಲು ಯಾರಿಗೂ ಕೇಳಿಸಲಿಲ್ಲ.

"ಸಾರ್! ಉಸ್ರು ಐತಾ ನೋಡಿ ಸಾರ್!"

ಸೈಕಲ್ಲಿನ ಕ್ಯಾರಿಯರ್ ಮೇಲೆ ಒಬ್ಬ ಹೆಂಗಸು. ತನ್ನ ಪೇಟ ಬಿಚ್ಚಿ ಅವಳನ್ನು ಸೀಟಿಗೆ ಸೇರಿಸಿ ಕಟ್ಟಿದ್ದ. ತಲೆ ಒಂದು ಕಡೆಗೆ ವಾಲಿತ್ತು. ಕಿವಿಯ ಹಿಂದಿನಿಂದ ಇಳಿದ ರಕ್ತ ಆವಲಪ್ಪನ ಖಾಕಿ ಅಂಗಿಯ ಮೇಲೆ ಒಣಗುತ್ತಿತ್ತು.

ಸಬ್ ಇನ್‌ಸ್ಪೆಕ್ಟರ್ ನರಸಿಂಹಯ್ಯ ಓಡಿಬಂದು ಅವಳ ಮಣಿಕಟ್ಟು ಹಿಡಿದ. ನಾಡಿ ಇತ್ತು. "ಜೀಪು ತೆಗೀರಿ!"

"ಸಾರ್, ಇನ್ನೂ ಮಂಗಳಾರತಿ—"

"ತೆಗೀರಿ ಅಂದೆ!"

ಚಕ್ರದಡಿ ಇಟ್ಟಿದ್ದ ನಿಂಬೆಹಣ್ಣುಗಳು ಮಂಗಳಾರತಿಗೆ ಮೊದಲೇ ಪಚಕ್ಕೆಂದು ಒಡೆದವು. ಜೀಪು ಆಸ್ಪತ್ರೆಯತ್ತ ಓಡಿತು.

ಹೆಂಗಸು ಚಿಕ್ಕಮುನಿಯಮ್ಮ. ಹುಣಸೆಕೆರೆ ಪಾಳ್ಯದವಳು. ಸೊಪ್ಪು, ಬೂದುಗುಂಬಳ ಮಾರಿ ಬದುಕುವವಳು. ಆವಲಪ್ಪ ಅದೇ ಊರಿನವನು, ಕೆರೆಯ ಹಿಂದಿನ ಸ್ಪ್ರಿಂಗ್ ಕಾರ್ಖಾನೆಯ ಕಾವಲುಗಾರ.

"ಕೆರೆ ತೂಬಿನ ತಾವ ಬಿದ್ದಿದ್ಲು ಸಾರ್. ಬುಟ್ಟಿ ಒಂದ್ ಕಡೆ, ಇವ್ಳು ಒಂದ್ ಕಡೆ. ಕಾಯಿಗಳೆಲ್ಲಾ ಒಡ್ದೋಗಿದ್ವು. ಕೂಗುದ್ರೆ ಒಬ್ರೂ ಬರ್ನಿಲ್ಲ. ಎಲ್ಲಾ ಪೂಜೆ ನೋಡಕ್ಕೋಗವ್ರೆ."

ಹನುಮಂತಯ್ಯ ಮಧ್ಯೆ ಬಾಯಿ ಹಾಕಿದ. "ಅವ್ಳ ಕತ್ತಲ್ಲಿ ಗುಂಡಿನ ಸರ ಇರ್ತಿತ್ತಲ್ಲ ಸಾರ್. ಚಿನ್ನದ್ದು. ಸ್ನಾನಕ್ಕೂ ಬಿಚ್ತಿರಲಿಲ್ಲ ಅಂತ ಊರೆಲ್ಲಾ ಹೇಳೋದು."

ಕತ್ತಿನಲ್ಲಿ ಸರ ಇರಲಿಲ್ಲ. ಕೆಂಪು ಗೀರು ಮಾತ್ರ ಇದ್ದುದನ್ನು ನರಸಿಂಹಯ್ಯ ಗಮನಿಸಿದ್ದ.

ಸೀಟಿಗೆ ಇನ್ನೂ ಸುತ್ತಿಕೊಂಡಿದ್ದ ಪೇಟವನ್ನು ಆವಲಪ್ಪ ಬಿಚ್ಚಿಕೊಳ್ಳುವಾಗ ಕ್ಯಾರಿಯರಿನ ಸ್ಪ್ರಿಂಗಿನ ಸಂದಿಯಲ್ಲಿ ಏನೋ ಮಿನುಗಿತು. ಹನುಮಂತಯ್ಯ ಉಗುರಿನಿಂದ ಎಬ್ಬಿಸಿ ಅಂಗೈ ಮೇಲಿಟ್ಟು ತೋರಿಸಿದ. ಒಂದೇ ಒಂದು ಚಿನ್ನದ ಗುಂಡು.

"ಇದೇನಪ್ಪಾ ಆವಲಪ್ಪ?"

ಆವಲಪ್ಪ ಗುಂಡನ್ನು ನೋಡಿದ. ಆಮೇಲೆ ಕ್ಯಾರಿಯರನ್ನು ನೋಡಿದ.

ಸಂಜೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಎರಡು ಪ್ರಶ್ನೆ ಕೇಳಿದರು, ಗುಂಡನ್ನು ನೋಡಿದರು, ಮೀಸೆ ತೀಡಿಕೊಂಡರು. ಪೂಜೆಯಾದ ಬೇಡಿ ಮೊದಲು ಏರಿದ್ದು ಆವಲಪ್ಪನ ಕೈಗೆ. ಬಂಧನದ ಕಾಗದ ಬರೆದವನು ನರಸಿಂಹಯ್ಯ.

*

ಅದಕ್ಕೆ ಮೊದಲೇ ಅವನು ತೂಬಿನ ಹತ್ತಿರ ಹೋಗಿಬಂದಿದ್ದ.

ಕೆರೆ ಏರಿಯಿಂದ ಇಳಿಜಾರಾಗಿ ಇಳಿಯುವ ಕಾಲುದಾರಿ. ಕೆಳಗೆ ತೂಬಿನ ಕಲ್ಲುಗಳು. ಕಾರ್ಖಾನೆಗಳ ಮುಂದೆ ಸಂಜೆ ಒಡೆಯಲು ಚಿಕ್ಕಮುನಿಯಮ್ಮ ಹೊತ್ತಿದ್ದ ಬೂದುಗುಂಬಳಗಳು ಅಲ್ಲೇ ಒಡೆದು ಚೆಲ್ಲಿದ್ದವು. ಆವಲಪ್ಪ ಹೋದಮೇಲೆ ಕುರಿಹಿಂಡು ಹಾದುಹೋಗಿತ್ತು. ಹೆಜ್ಜೆಗುರುತು, ಚಕ್ರದ ಗುರುತು ಏನೂ ಉಳಿದಿರಲಿಲ್ಲ.

"ಯಾರೋ ಒಳ್ಳೇ ದೃಷ್ಟಿ ತೆಗ್ದವ್ರೆ," ಎಂದ ಹನುಮಂತಯ್ಯ.

ನರಸಿಂಹಯ್ಯನಿಗೆ ನಗು ಬರಲಿಲ್ಲ. ಅವನು ಮೊಣಕಾಲೂರಿ ಕುಳಿತು ಒಂದು ಕಲ್ಲನ್ನೇ ನೋಡುತ್ತಿದ್ದ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಪೊಲೀಸಾದವನು. ಕಂಡದ್ದಕ್ಕೆಲ್ಲ ಕಾರಣ ಹುಡುಕುವ ಚಟ ಕಾಲೇಜಿನಿಂದ ಬಂದದ್ದು, ಇನ್ನೂ ಬಿಟ್ಟಿರಲಿಲ್ಲ. ಕಲ್ಲಿನ ಅಂಚಿನಲ್ಲಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಕಪ್ಪು ಗ್ರೀಸು ಮೆತ್ತಿತ್ತು. ಪಕ್ಕದಲ್ಲೇ ಹೊಸದಾಗಿ ಬಿದ್ದ ಬಿಳಿ ಗೀರು.

"ಯಾವುದೋ ಗಾಡಿ ಉಜ್ಜಿದೆ ಇಲ್ಲಿ."

"ಆವಲಪ್ಪನ ಸೈಕಲ್ಲೇ ಇರ್ಬೇಕು ಸಾರ್."

ಠಾಣೆಗೆ ಮರಳಿ ಆ ಸೈಕಲ್ಲನ್ನು ನೋಡಿದ. ಎಲ್ಲರಲ್ಲೂ ಇರುವಂಥ ದೊಡ್ಡ ಕಪ್ಪು ಸೈಕಲ್. ಚೈನಿಗೆ ಉದ್ದಕ್ಕೂ ತಗಡಿನ ಕವರ್. ಚೈನಿನ ಗ್ರೀಸು ಕಲ್ಲಿಗೆ ತಾಗಲು ದಾರಿಯೇ ಇರಲಿಲ್ಲ. ಕವರಿನ ಮೇಲೆ ಒಂದು ಗೀರೂ ಇರಲಿಲ್ಲ.

ಇದನ್ನು ಇನ್‌ಸ್ಪೆಕ್ಟರಿಗೆ ಹೇಳಿದಾಗ ಅವರು ಕೈಬೀಸಿದರು. "ಕಲ್ಲಿನ ಮೇಲೆ ಗ್ರೀಸಂತೆ! ಗುಂಡು ಎಲ್ಲಿ ಸಿಕ್ತು ಅಂತ ಮೊದ್ಲು ನೋಡ್ರೀ."

"ಕದ್ದೋನು ಅವಳನ್ನ ಹೊತ್ಕೊಂಡು ಠಾಣೆಗ್ಯಾಕೆ ಬರ್ತಾನೆ ಸಾರ್?"

"ಕಳ್ಳನಿಗೂ ಕರುಣೆ ಬರುತ್ತೆ. ಆಮೇಲೆ ಬರುತ್ತೆ. ಆಕೆಗೇನಾದ್ರೂ ಆದ್ರೆ ಕೊಲೆ ಕೇಸು, ನೆನಪಿರ್ಲಿ."

*

ವಿಜಯದಶಮಿಯ ಬೆಳಿಗ್ಗೆ ನರಸಿಂಹಯ್ಯನ ಎರಡನೆಯ ತಲೆನೋವು ಶುರುವಾಯಿತು.

ಅವನು ಬಾಡಿಗೆಗಿದ್ದದ್ದೂ ಹುಣಸೆಕೆರೆ ಪಾಳ್ಯದಲ್ಲೇ, ನಾಗಲಕ್ಷ್ಮಮ್ಮನ ವಠಾರದಲ್ಲಿ. ಗಂಡ ತೀರಿಕೊಂಡಮೇಲೆ ಆಕೆ ಹೊಲದ ಒಂದು ಭಾಗವನ್ನು ಕಾರ್ಖಾನೆಗೆ ಕೊಟ್ಟು, ಉಳಿದ ಜಾಗದಲ್ಲಿ ಎರಡು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಳು. ಒಂದು ಇನ್ನೂ ಖಾಲಿ. ಜೊತೆಗೆ ತಮ್ಮ ಶ್ಯಾಮಣ್ಣ. ಇಪ್ಪತ್ತೈದರ ಹುಡುಗ, ಬಾಯ್ತುಂಬ ಮಾತು.

ದನದ ಕೊಟ್ಟಿಗೆಯ ಒಂದು ಮೂಲೆ ನರಸಿಂಹಯ್ಯನ ಸೈಕಲ್ಲಿಗೆ. ಅದು ಊರಿಗೆಲ್ಲ ಒಂದೇ ಗೇರ್ ಸೈಕಲ್. ಯಂತ್ರ ಕೂರಿಸಲು ಬಂದಿದ್ದ ಜರ್ಮನ್ ಎಂಜಿನಿಯರ್ ಒಬ್ಬ ಊರಿಗೆ ಹೊರಟಾಗ ಮಾರಿಹೋದದ್ದು. ಹಿಂದಿನ ಚಕ್ರಕ್ಕೆ ಒಂದರ ಪಕ್ಕ ಒಂದರಂತೆ ಐದು ಹಲ್ಲುಚಕ್ರಗಳು, ಚಿಕ್ಕದರಿಂದ ದೊಡ್ಡದಕ್ಕೆ. ಅವುಗಳ ಕೆಳಗೆ ನೇತಾಡುವ ಪುಟ್ಟ ಗೇರು. ಲಿವರ್ ಎಳೆದರೆ ಗೇರು ಒಳಸರಿದು ಚೈನನ್ನು ದೊಡ್ಡ ಹಲ್ಲುಚಕ್ರಕ್ಕೆ ಏರಿಸುತ್ತದೆ, ಬಿಟ್ಟರೆ ಚಿಕ್ಕದಕ್ಕೆ ಇಳಿಸುತ್ತದೆ. ಎಷ್ಟು ಒಳಗೆ, ಎಷ್ಟು ಹೊರಗೆ ಎಂಬ ಎಲ್ಲೆ ಗೊತ್ತುಮಾಡಲು ಎರಡು ತಿರುಪುಗಳು. ಪೂಜೆಯ ಹಿಂದಿನ ಸಂಜೆ ನರಸಿಂಹಯ್ಯ ತಾನೇ ಕುಳಿತು ಅವನ್ನು ಹೊಂದಿಸಿದ್ದ. ಐದೂ ಹಲ್ಲುಚಕ್ರಗಳ ಮೇಲೆ ಚೈನು ಸದ್ದಿಲ್ಲದೆ ಓಡಿತ್ತು.

ಪೂಜೆಯ ದಿನ ಅವನು ನಸುಕಿಗೇ ಡ್ಯೂಟಿಗೆ ಹೋಗಿದ್ದ. ಹೆಂಡತಿ ಕೃಷ್ಣಮ್ಮ ಸೈಕಲ್ಲಿಗೆ ಪೂಜೆ ಮಾಡಿ, ಕುಂಕುಮದಲ್ಲಿ ಅದ್ದಿದ ನಿಂಬೆಹಣ್ಣುಗಳನ್ನು ಎರಡೂ ಚಕ್ರಗಳ ಮುಂದೆ ಒತ್ತಿ ಇಟ್ಟಿದ್ದಳು. ಬೀಗವನ್ನೂ ಬಿಚ್ಚಿ ಪೂಜೆಗಿಟ್ಟಿದ್ದಳು. ಓಡಿಸುವವನೇ ಹತ್ತಿಸಬೇಕು ಎಂದು ನಿಂಬೆಹಣ್ಣುಗಳು ಮರುದಿನಕ್ಕೆ ಕಾದಿದ್ದವು.

"ಹೂಂ, ತಳ್ಳಿ. ಬಲಗಾಲು ಮುಂದಿಟ್ಟು."

ಅವನು ತಳ್ಳಿದ. ಮುಂದಿನದು ಒಡೆಯಿತು. ಹಿಂದಿನದು ಒಡೆಯಲಿಲ್ಲ. ಟೈರಿನಡಿಯಿಂದ ಗೋಲಿಯಂತೆ ಸಿಡಿದು ಬೂಸಾ ಮೂಟೆಗಳ ಹಿಂದೆ ಉರುಳಿಹೋಯಿತು.

ಕೃಷ್ಣಮ್ಮನ ಮುಖ ಬಾಡಿತು. "ಒಡೀಲಿಲ್ವಲ್ರೀ!"

"ಟೈರಿನ ಅಂಚಿಗೆ ಸಿಕ್ಕಿದೆ, ಜಾರಿದೆ. ಅಷ್ಟೇ."

ಅಷ್ಟರಲ್ಲಿ ಶ್ಯಾಮಣ್ಣ ಅಕ್ಕನ ಮನೆಯಿಂದ ಪುರಿ, ಕೊಬ್ಬರಿಯ ಪ್ರಸಾದ ತಂದ. ಕೃಷ್ಣಮ್ಮ ಸೆರಗೊಡ್ಡಿದಳು. ಅವನು ಎಡಗೈಯಿಂದ ಪೊಟ್ಟಣ ಚಾಚಿದ. ಅವಳು ಒಂದು ಕ್ಷಣ ಹಿಂಜರಿದು ತೆಗೆದುಕೊಂಡಳು.

ಅವನು ಹೋದಮೇಲೆ ಗೊಣಗಿದಳು. "ಪ್ರಸಾದಾನ ಎಡಗೈಲಿ ಕೊಡ್ತಾನಲ್ರೀ. ಅಷ್ಟೂ ಗೊತ್ತಿಲ್ವಾ?"

ನರಸಿಂಹಯ್ಯ ಕಿವಿಗೊಡಲಿಲ್ಲ. ಸೈಕಲ್ ಏರಿ ಹೊರಟಿದ್ದ. ಹುಣಸೆಮರದವರೆಗೂ ಹೋಗಿರಲಿಲ್ಲ, ಹಿಂದಿನಿಂದ ಕರಕರ ಸದ್ದು. ಎರಡನೆಯ ಹಲ್ಲುಚಕ್ರಕ್ಕೆ ಹಾಕಿದ. ಚೈನು ಟಕ್ಕೆಂದು ಮೂರನೆಯದಕ್ಕೆ ನೆಗೆಯಿತು, ಮತ್ತೆ ಬಿತ್ತು. ಇಳಿದು ನೋಡಿದ. ಬಗ್ಗಿ ನೋಡಿದ. ಕಣ್ಣಿಗೆ ಏನೂ ಬೀಳಲಿಲ್ಲ. ಗೇರಿನ ಮೇಲೆ ಗೀರುಗಳಿದ್ದವು. ಜರ್ಮನ್ನನ ಕಾಲದಿಂದಲೂ ಇದ್ದವು.

*

ಹಗಲು ಆವಲಪ್ಪ. ಸಂಜೆ ಗೇರು. ಎರಡೂ ಹಿಡಿತಕ್ಕೆ ಸಿಗಲಿಲ್ಲ.

ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದು ಆವಲಪ್ಪನನ್ನು ಠಾಣೆಯಲ್ಲೇ ಇಟ್ಟುಕೊಂಡಿದ್ದರು. ಸರ ಎಲ್ಲಿ ಎಂಬುದೊಂದೇ ಪ್ರಶ್ನೆ. "ನಂಗೊತ್ತಿಲ್ಲ" ಎಂಬುದೊಂದೇ ಉತ್ತರ. ಅವನ ಮನೆ, ಹಿತ್ತಿಲು, ಕಾರ್ಖಾನೆಯ ಕಾವಲುಕೋಣೆ ಎಲ್ಲ ಜಾಲಾಡಿದರು. ಸರದ ಸುಳಿವಿಲ್ಲ. ಕಾರ್ಖಾನೆಯವರು ಅವನ ಜಾಗಕ್ಕೆ ಬೇರೆಯವನನ್ನು ಹಾಕಿಕೊಂಡರು. ಚಿಕ್ಕಮುನಿಯಮ್ಮ ಕಣ್ಣು ತೆರೆದಿರಲಿಲ್ಲ.

ಠಾಣೆಯ ಹೊಂಗೆಮರದ ಕೆಳಗೆ ಆವಲಪ್ಪನ ಹೆಂಡತಿ ಅಂಜನಮ್ಮ ಬುತ್ತಿ ಇಟ್ಟುಕೊಂಡು ಕೂತಿರುತ್ತಿದ್ದಳು. ಅಳುತ್ತಿರಲಿಲ್ಲ. ನರಸಿಂಹಯ್ಯ ತಲೆತಗ್ಗಿಸಿ ಹಾದುಹೋಗುವುದನ್ನು ಕಂಡು ಒಮ್ಮೆ ತಡೆದಳು.

"ಸಾಯ್ಲಿ ಅಂತ ಬುಟ್ಟು ಬಂದಿದ್ರೆ ನನ್ ಗಂಡ ಇವತ್ತು ಮನೇಲಿರ್ತಿದ್ದ. ಅಲ್ವಾ ಸಾರ್?"

ಅವಳು ಬುತ್ತಿಯ ಗಂಟು ಬಿಗಿಮಾಡಿದಳು.

"ಇನ್ಮ್ಯಾಕೆ ದಾರೀಲಿ ಯಾರಾದ್ರೂ ಬಿದ್ದಿದ್ರೆ ಯಾರು ಎತ್ತಾರು?"

ಗ್ರೀಸಿನ ಜಾಡು ಹಿಡಿದು ಅವನು ಮೊಪೆಡ್ಡುಗಳ ಹಿಂದೆ ಬಿದ್ದ. ಅವುಗಳ ಚೈನು ತಗ್ಗಿನಲ್ಲಿರುತ್ತದೆ. ಸುತ್ತಲಿನ ಕಾರ್ಖಾನೆಗಳಲ್ಲಿ ಮೊಪೆಡ್ ಇದ್ದವರನ್ನೆಲ್ಲ ಕರೆಸಿದ. ಒಬ್ಬನ ಗಾಡಿಯಲ್ಲಿ ಹೊಸ ಗೀರು ಸಿಕ್ಕಿತು. ನರಸಿಂಹಯ್ಯನಿಗೆ ಉಸಿರು ಬಂದಂತಾಯಿತು. ಆದರೆ ಪೂಜೆಯ ಮಧ್ಯಾಹ್ನವೆಲ್ಲ ಆತ ಕಾರ್ಖಾನೆಯ ಅಂಗಳದಲ್ಲಿ ವಾದ್ಯಗೋಷ್ಠಿಯವರ ಜೊತೆ ಹಾಡುತ್ತಿದ್ದ. ಇಡೀ ಕಾರ್ಖಾನೆ ಸಾಕ್ಷಿ.

"ಕೆಟ್ಟದಾಗಿ ಹಾಡ್ದ ಸಾರ್," ಎಂದ ಹನುಮಂತಯ್ಯ. "ಮರೆಯೋ ಹಂಗೇ ಇಲ್ಲ."

ಮನೆಗೆ ಬಂದರೆ ಗೇರು. ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಪೆಡಲ್ ತಿರುಗಿಸುತ್ತಾ, ತಿರುಪನ್ನು ಕೂದಲೆಳೆಯಷ್ಟು ಆಚೀಚೆ ಮಾಡುತ್ತಿದ್ದ. ಚಿಕ್ಕ ಹಲ್ಲುಚಕ್ರದಿಂದ ಶುರುಮಾಡಿ ಒಂದೊಂದನ್ನೇ ಸರಿಮಾಡಿ ಮುಂದಕ್ಕೆ ಹೋಗುವುದು ಅವನ ಕ್ರಮ. ಒಂದನೆಯದು ಸರಿಹೋದರೆ ಮೂರನೆಯದು ಕೆಡುತ್ತಿತ್ತು. ಮೂರನೆಯದನ್ನು ಹಿಡಿದರೆ ಒಂದನೆಯದು ಕರಕರ ಎನ್ನುತ್ತಿತ್ತು. ತಂತಿ ಬಿಗಿಮಾಡಿದ. ಸಡಿಲಮಾಡಿದ. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದ. ಒಮ್ಮೆ ಸ್ಕ್ರೂಡ್ರೈವರ್ ಎಸೆದ. ಅದು ಹಸು ಕಲಗಚ್ಚು ಕುಡಿಯುವ ಬಾನಿಗೆ ಬಿತ್ತು.

"ನಿಂಬೆಹಣ್ಣು ಒಡೀಲಿಲ್ಲ, ಅದಕ್ಕೇ ಹೀಗೆ," ಎಂದಳು ಕೃಷ್ಣಮ್ಮ.

"ನಿಂಬೆಹಣ್ಣಿಗೂ ಗೇರಿಗೂ ಏನೇ ಸಂಬಂಧ?"

"ಸಂಬಂಧ ಇಲ್ಲಾಂದ್ರೆ ಸರಿಮಾಡಿ ನೋಡೋಣ."

ಶ್ಯಾಮಣ್ಣ ದಿನವೂ ಬಂದು ಜಗಲಿಯ ಮೇಲೆ ಕೂರುತ್ತಿದ್ದ. ತುಂಬುತೋಳಿನ ಅಂಗಿ. ಗಮನವೆಲ್ಲ ಸೈಕಲ್ ಮೇಲೆ.

"ಬಿಡಿ ಸಾರ್, ಯಾಕ್ ಒದ್ದಾಡ್ತೀರ? ಕೊಡಿ, ಸಿಟಿಗೆ ತಗೊಂಡೋಗಿ ರೆಡಿ ಮಾಡಿಸ್ಕೊಂಡು ಬಂದ್ಬಿಡ್ತೀನಿ."

"ನಾನೇ ಮಾಡ್ತೀನಿ ಕಣೋ."

"ನಿಮ್ಮಿಷ್ಟ. ಆದ್ರೆ ಆ ಕೊನೇ ದೊಡ್ಡದಕ್ಕೆ ಮಾತ್ರ ಹಾಕ್ಬೇಡಿ. ಕಡ್ಡಿಗೆ ಸಿಕ್ಕಾಕೊಂಡ್ಬಿಡುತ್ತೆ."

"ಹೂಂ, ಹೂಂ."

ನರಸಿಂಹಯ್ಯನ ತಲೆಯಲ್ಲಿ ಆಗ ಅಂಜನಮ್ಮನ ಪ್ರಶ್ನೆ ಸುತ್ತುತ್ತಿತ್ತು.

*

ವಾರದ ಕೊನೆಗೆ ಆಸ್ಪತ್ರೆಯಿಂದ ಸುದ್ದಿ ಬಂತು. ಚಿಕ್ಕಮುನಿಯಮ್ಮ ಕಣ್ಣು ಬಿಟ್ಟಿದ್ದಾಳೆ.

ನರಸಿಂಹಯ್ಯ ಓಡಿದ. ಅವಳು ಅವನನ್ನು ನೋಡಿ, ಚಾವಣಿ ನೋಡಿ, ನಿಧಾನವಾಗಿ ಹೇಳಿದಳು. "ಹಿಂದ್ಗಡೆಯಿಂದ ಏನೋ ಬಂತು. ದನ ಗುದ್ದಿದಂಗಾಯ್ತು. ಅಷ್ಟೇ ಗೊತ್ತು."

"ಆವಲಪ್ಪನ್ನ ನೋಡಿದ್ರಾ?"

"ಆವಲಪ್ಪ? ಅವ್ನ್ಯಾಕೆ ಬತ್ತಾನೆ?"

ಇನ್‌ಸ್ಪೆಕ್ಟರಿಗೆ ಇದು ಸಾಲಲಿಲ್ಲ. "ಹಿಂದಿನಿಂದ ಬಂದೋನು ಆವಲಪ್ಪ ಅಲ್ಲ ಅಂತ ಅವಳು ಹೇಳಿದಳಾ? ಇಲ್ಲ. ಸೋಮವಾರ ಚಾರ್ಜ್‌ಶೀಟ್ ಹಾಕ್ರೀ."

ಅಂದು ಭಾನುವಾರ. ಮನೆಗೆ ಬಂದ ನರಸಿಂಹಯ್ಯ ಬೂಟು ಕೂಡ ಬಿಚ್ಚದೆ ಸೈಕಲ್ ಮುಂದೆ ನೆಲದ ಮೇಲೆ ಕುಕ್ಕರಿಸಿದ. ಈ ಸಲ ಅದನ್ನು ತಲೆಕೆಳಗು ಮಾಡಲಿಲ್ಲ. ಆ ಶಕ್ತಿ ಇರಲಿಲ್ಲ. ನೆಟ್ಟಗೆ ನಿಂತ ಸೈಕಲ್ಲಿನ ಗೇರು ಅವನ ಕಣ್ಣಿನ ಮಟ್ಟಕ್ಕೆ ನೇತಾಡುತ್ತಿತ್ತು.

ತಿರುಪುಗಳು ಮಾಡುವುದೇನು? ಎರಡು ತುದಿಗಳ ಎಲ್ಲೆ ಗೊತ್ತುಮಾಡುತ್ತವೆ. ಗೇರು ಎಲ್ಲಿ ನಿಲ್ಲಬೇಕೆಂಬುದನ್ನು ಸರಿಪಡಿಸುತ್ತವೆ. ಹೇಗೆ ನಿಲ್ಲಬೇಕೆಂಬುದನ್ನು? ಅದು ಅವುಗಳ ಕೈಯಲ್ಲಿಲ್ಲ. ಗೇರೇ ಓರೆಯಾಗಿದ್ದರೆ ತಿರುಪನ್ನು ವರ್ಷವಿಡೀ ತಿರುಗಿಸಿದರೂ ಅಷ್ಟೇ.

ಒಂದು ದಾರಕ್ಕೆ ನಟ್ಟು ಕಟ್ಟಿ, ಗೇರಿನ ಹಿಂದೆ ಇಳಿಬಿಟ್ಟ. ದಾರ ತೂಗಿ ನಿಂತಿತು. ಹಲ್ಲುಚಕ್ರಗಳು ದಾರಕ್ಕೆ ಸಮನಾಗಿದ್ದವು. ಗೇರು ಸಮನಾಗಿರಲಿಲ್ಲ. ಅದರ ಕೆಳತುದಿ ಚಕ್ರದ ಕಡ್ಡಿಗಳತ್ತ ವಾಲಿತ್ತು. ಅದನ್ನು ಹಿಡಿದಿದ್ದ ಚೌಕಟ್ಟಿನ ಕಬ್ಬಿಣದ ಕಿವಿಯೇ ಒಳಕ್ಕೆ ಬಾಗಿತ್ತು.

ಇಷ್ಟು ದಪ್ಪದ ಕಬ್ಬಿಣ ತಾನಾಗಿ ಬಾಗುವುದಿಲ್ಲ. ಸೈಕಲ್ ಬಲಮಗ್ಗುಲಿಗೆ ಬಿದ್ದಿರಬೇಕು. ಬಲವಾಗಿ. ಗಟ್ಟಿಯಾದ ಯಾವುದೋ ಒಂದರ ಮೇಲೆ.

ತಾನು ಬೀಳಿಸಿಲ್ಲ.

ನರಸಿಂಹಯ್ಯ ಗೇರಿನ ಪಕ್ಕದಲ್ಲಿ ನೆಲಕ್ಕೆ ಕೈಯೂರಿದ. ಹೆಬ್ಬೆರಳು ನೆಲಕ್ಕೆ, ಕಿರುಬೆರಳು ಮೇಲಕ್ಕೆ. ಗ್ರೀಸು ಮೆತ್ತಿದ ಗೇರಿನ ಕೆಳತುದಿ ಸರಿಯಾಗಿ ಒಂದು ಗೇಣು ಎತ್ತರದಲ್ಲಿತ್ತು.

ಊರಿನ ಮೊಪೆಡ್ಡುಗಳನ್ನೆಲ್ಲ ಜಾಲಾಡಿದ್ದ. ಹುಡುಕುತ್ತಿದ್ದ ಗಾಡಿಯನ್ನು ಪ್ರತಿ ಸಂಜೆ ಕಣ್ಣೆದುರೇ ಇಟ್ಟುಕೊಂಡು ತಿರುಪು ತಿರುಗಿಸುತ್ತಿದ್ದ.

"ಕೃಷ್ಣಾ!"

ಅವಳು ಸೌಟು ಹಿಡಿದೇ ಹೊರಬಂದಳು.

"ಆ ನಿಂಬೆಹಣ್ಣು. ನೀನು ಇಟ್ಟಿದ್ದು ಎಂಥದ್ದು?"

"ಈಗ ನಂಬಿಕೆ ಬಂತಾ?"

"ಹೇಳೇ."

"ಮಾರ್ಕೆಟ್ಟಿಂದ ನೀವೇ ತಂದಿದ್ರಲ್ಲ. ಹಳದಿ ಹಣ್ಣು, ತೆಳು ಸಿಪ್ಪೆ. ಕೈಲಿ ಹಿಸುಕಿದ್ರೇ ಒಡೆಯೋ ಅಂಥಾದ್ದು. ಅದಕ್ಕೇ ಅಲ್ವಾ ನಂಗೆ ಭಯ ಆಗಿದ್ದು!"

ಅವನು ಕೊಟ್ಟಿಗೆಗೆ ನುಗ್ಗಿ ಬೂಸಾ ಮೂಟೆಗಳನ್ನು ಎಳೆದುಹಾಕಿದ. ಧೂಳಿನಲ್ಲಿ ನಿಂಬೆ ಸಿಕ್ಕಿತು. ಲುಂಗಿಯ ಅಂಚಿನಿಂದ ಕುಂಕುಮ ಒರೆಸಲು ಹೋಗಿ, ಖಾಕಿಯಲ್ಲೇ ಇದ್ದೇನೆಂದು ನೆನಪಾಗಿ ಪ್ಯಾಂಟಿಗೇ ಒರೆಸಿದ.

ಹಸಿರು ಕಾಯಿ. ಕಲ್ಲಿನಂತೆ ಗಟ್ಟಿ. ತುದಿಯಲ್ಲಿ ತೊಟ್ಟು, ತೊಟ್ಟಿಗೆ ಅಂಟಿಕೊಂಡ ಒಂದು ಒಣಗಿದ ಎಲೆ.

ಮಾರ್ಕೆಟ್ಟಿನ ನಿಂಬೆಗೆ ತೊಟ್ಟು ಇರುವುದಿಲ್ಲ. ಇದು ಗಿಡದಿಂದ ಅವಸರದಲ್ಲಿ ಕಿತ್ತದ್ದು. ಅವನು ತಲೆಯೆತ್ತಿದ. ಕೊಟ್ಟಿಗೆಯ ಬಾಗಿಲಿಗೆ ನೇರವಾಗಿ, ನಾಗಲಕ್ಷ್ಮಮ್ಮನ ಹಿತ್ತಿಲಲ್ಲಿ, ನಿಂಬೆಗಿಡ ನಿಂತಿತ್ತು.

*

ಸಂಜೆ ಎಂದಿನಂತೆ ಶ್ಯಾಮಣ್ಣ ಬಂದ. ನಾಗಲಕ್ಷ್ಮಮ್ಮ ತನ್ನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹನುಮಂತಯ್ಯ ಮಫ್ತಿಯಲ್ಲಿ ಗೇಟಿನ ಹತ್ತಿರ ಬೀಡಿ ಸೇದುತ್ತಿದ್ದ.

"ಏನ್ ಸಾರ್, ಸರಿಹೋಯ್ತಾ?"

"ಹೋಯ್ತು ಕಣೋ. ಒಂದು ರೌಂಡ್ ಹೋಗಿ ಬಾ, ನೋಡೋಣ."

"ನಾನಾ? ಅಯ್ಯೋ, ನಂಗೆ ಗೇರ್ ಸೈಕಲ್ ಎಲ್ ಬರುತ್ತೆ ಸಾರ್."

"ಬರಲ್ವಾ? ಕೊನೇ ಹಲ್ಲುಚಕ್ರಕ್ಕೆ ಹಾಕ್ಬೇಡಿ, ಕಡ್ಡಿಗೆ ಸಿಕ್ಕಾಕೊಳ್ಳುತ್ತೆ ಅಂದ್ಯಲ್ಲ. ನಂಗೇ ಗೊತ್ತಿರಲಿಲ್ಲ ಅದು. ನಾನು ಮೂರನೇದೇ ದಾಟಿರಲಿಲ್ಲ."

ಶ್ಯಾಮಣ್ಣ ನಕ್ಕ. ನಗು ಅರ್ಧಕ್ಕೆ ನಿಂತಿತು. "ಸುಮ್ನೆ... ಅಂದಾಜು ಸಾರ್."

"ಒಳ್ಳೇ ಅಂದಾಜು. ತಗ, ಇದನ್ನ ಹಿಡಿ." ನರಸಿಂಹಯ್ಯ ಎರಡೂ ಕೈಯಲ್ಲಿ ಹಿಡಿದಿದ್ದ ತಾಮ್ರದ ತಟ್ಟೆಯನ್ನು ಮುಂದೆ ಚಾಚಿದ. ದೇವರ ಮುಂದಿನ ಕಾಯಿ, ಹೂವು. ಪ್ರಸಾದ. ಶ್ಯಾಮಣ್ಣ ಎಡಗೈ ಎತ್ತಿದ. ಅಕ್ಕ ನೋಡುತ್ತಿದ್ದಳು. ಎಡಗೈ ಇಳಿಸಿ ಬಲಗೈ ಚಾಚಿದ. ತಟ್ಟೆಯ ಭಾರಕ್ಕೆ ಮೊಣಕೈ ನಡುಗಿ, ಕಾಯಿ ಉರುಳಿಬಿತ್ತು.

"ಅಂಗಿ ತೋಳು ಮೇಲೆತ್ತು."

"ಕುಂಬಳಕಾಯಿ ಒಡೆಯೋವಾಗ ಜಾರಿ—"

"ಎತ್ತು."

ಮೊಣಕೈಯಿಂದ ಮಣಿಕಟ್ಟಿನವರೆಗೆ ತರಚಿದ ಗಾಯ, ಹಕ್ಕಳೆ ಕಟ್ಟಿತ್ತು. ನಾಗಲಕ್ಷ್ಮಮ್ಮನ ಕೈಯಲ್ಲಿ ಅವರೆಕಾಯಿ ಹಾಗೇ ನಿಂತಿತು.

"ಹೇಳ್ತೀನಿ, ಕೇಳು," ಎಂದ ನರಸಿಂಹಯ್ಯ. ದನಿ ಏರಿಸಲಿಲ್ಲ. "ಪೂಜೆ ಹಿಂದಿನ ಸಂಜೆ ಈ ಸೈಕಲ್ ಸರಿಯಿತ್ತು. ಪೂಜೆ ಮಾರನೇ ದಿನ ಕೆಟ್ಟಿತ್ತು. ಮಧ್ಯೆ ಯಾರೋ ಓಡಿಸಿದ್ದಾರೆ. ಬಲಮಗ್ಗುಲಿಗೆ ಬಿದ್ದಿದ್ದಾರೆ. ತೂಬಿನ ಕಲ್ಲಿನ ಮೇಲೆ ಈ ಗೇರಿನ ಗ್ರೀಸಿದೆ. ಬಲಮಗ್ಗುಲಿಗೆ ಬಿದ್ದೋನಿಗೆ ಬಲಗೈ ತರಚಿರುತ್ತೆ. ಮಾರನೇ ದಿನ ಪ್ರಸಾದಾನೂ ಎಡಗೈಲಿ ಕೊಡ್ತಾನೆ. ವಾಪಸ್ ಬರೋವಾಗ ಏರಿ ಹತ್ತೋಕೆ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದ್ದೀಯ. ಬಾಗಿದ ಗೇರು ಕಡ್ಡಿಗೆ ಸಿಕ್ಕಿದೆ. ಅದಕ್ಕೇ ನಿಂಗೆ ಗೊತ್ತು. ಆಮೇಲೆ ಸೈಕಲ್ ಒರೆಸಿ, ಕುಂಕುಮ ಇಟ್ಟು, ಎರಡು ನಿಂಬೆ ಕಿತ್ತು ಕುಂಕುಮದಲ್ಲಿ ಅದ್ದಿ ಚಕ್ರಗಳ ಮುಂದೆ ಇಟ್ಟಿದ್ದೀಯ. ಮುಂದಿನದು ಒಡೀತು, ಇದು ಒಡೀಲಿಲ್ಲ." ಜೇಬಿನಿಂದ ಹಸಿರು ನಿಂಬೆಯನ್ನು ತೆಗೆದು ಅವನ ಪಾದದ ಮುಂದಿಟ್ಟ. "ನಿಮ್ಮ ಹಿತ್ತಿಲಿಂದು. ತೊಟ್ಟು ಇನ್ನೂ ಇದೆ."

ಶ್ಯಾಮಣ್ಣ ನಿಂಬೆಯನ್ನು ನೋಡುತ್ತಾ ಕುಸಿದು ಕೂತ.

"ಒಂದು ಮಾತ್ರ ನಂಗೆ ಅರ್ಥ ಆಗ್ಲಿಲ್ಲ. ನಿಂಬೆಹಣ್ಣನ್ನ ಪಕ್ಕಕ್ಕಿಟ್ಟು ಹೋಗಿ, ಬಂದು ಮತ್ತೆ ಅಲ್ಲೇ ಇಟ್ಟಿದ್ರೆ ಆಗ್ತಿತ್ತಲ್ಲ. ನಾನು ಸಾಯೋವರೆಗೂ ತಿರುಪು ತಿರುಗಿಸ್ತಾ ಕೂತಿರ್ತಿದ್ದೆ."

"ಪೂಜೆ ಮಾಡಿದ ಗಾಡೀನ ಹಂಗೆ ತೆಗೀಬಾರ್ದಲ್ಲ ಸಾರ್." ಶ್ಯಾಮಣ್ಣ ಪಾದದ ಮುಂದಿದ್ದ ನಿಂಬೆಯನ್ನು ಪಕ್ಕಕ್ಕೆ ಸರಿಸಿದ. "ಹತ್ತಿಸ್ದೆ ಹೋದ್ರೆ... ಆಕ್ಸಿಡೆಂಟ್ ಆಗುತ್ತೆ ಅಂತಾರೆ."

ಗೇಟಿನ ಹತ್ತಿರ ಹನುಮಂತಯ್ಯ ಬೀಡಿ ಎಸೆದ.

"ಒಂದೇ ಒಂದು ರೌಂಡು ಅಂತ ಹೋದೆ ಸಾರ್. ಕಾರ್ಖಾನೆ ಹತ್ರ ಫ್ರೆಂಡ್ಸ್‌ಗೆ ತೋರ್ಸೋಣ ಅಂತ. ಕೇಳಿದ್ರೆ ನೀವು ಕೊಡ್ತಿರಲಿಲ್ಲ. ಏರಿ ಇಳಿಯೋವಾಗ ಸ್ಪೀಡ್ ಬಂದ್ಬಿಡ್ತು. ಮುನಿಯಕ್ಕ ಅಡ್ಡ ಬಂದ್ಲು. ಎಬ್ಬಿಸ್ದೆ, ಏಳಲಿಲ್ಲ. ಸತ್ತೋದ್ಲು ಅನ್ಕೊಂಡೆ."

"ಸರ ಯಾಕೆ ಕಿತ್ತೆ?"

"ಸೈಕಲ್ ಗುದ್ದಿದ್ದು ಅಂತ ಗೊತ್ತಾದ್ರೆ ಸೈಕಲ್ ಹುಡುಕ್ತೀರ. ಕಳ್ಳತನ ಅಂದ್ರೆ ಕಳ್ಳನ್ನ ಹುಡುಕ್ತೀರ ಅನ್ಕೊಂಡೆ. ಕಳ್ಳನೇ ಇಲ್ವಲ್ಲ, ಯಾರೂ ಸಿಗಲ್ಲ ಅಂತ..."

"ಒಬ್ಬ ಸಿಕ್ಕಿಬಿಟ್ಟ. ಕಿತ್ತ ಸರದ ಒಂದು ಗುಂಡು ಅವಳ ಸೀರೇಲಿ ಉಳೀತು. ಎತ್ತಿಕೊಂಡು ಬಂದೋನ ಕ್ಯಾರಿಯರಿನಲ್ಲಿ ಸಿಕ್ಕಿತು. ದಿನಾ ಇಲ್ಲಿ ಬಂದು ಕೂರ್ತಿದ್ದೆಯಲ್ಲೋ. ಒಂದು ದಿನ ಆವಲಪ್ಪನ ನೆನಪಾಗ್ಲಿಲ್ವಾ?"

ಶ್ಯಾಮಣ್ಣ ಮುಖ ಮುಚ್ಚಿಕೊಂಡ. "ರಾಗಿ ವಾಡೇಲಿದೆ," ಎಂದ ಬೆರಳುಗಳ ಸಂದಿಯಿಂದ.

ನಾಗಲಕ್ಷ್ಮಮ್ಮ ಎದ್ದು ಒಳಗೆ ಹೋದಳು. ವಾಡೆಯ ಮುಚ್ಚಳ ಸರಿಸಿದ ಸದ್ದು ಕೇಳಿಸಿತು. ಹೊರಬಂದಾಗ ತೋಳಿನವರೆಗೂ ರಾಗಿ ಅಂಟಿತ್ತು. ಹರಿದ ದಾರದ ಗುಂಡಿನ ಸರವನ್ನು ನರಸಿಂಹಯ್ಯನ ಕೈಯಲ್ಲಿಟ್ಟಳು. ತಮ್ಮನ ಕಡೆ ನೋಡಲಿಲ್ಲ.

"ಅಂಜನಮ್ಮಂಗೆ ನಾನೇ ರಾಗಿ ಹಿಟ್ಟು ಕೊಟ್ಟು ಕಳಿಸ್ತಿದ್ದೆ ಸಾರ್. ಬುತ್ತಿಗೆ. ಇದೇ ವಾಡೇದು."

*

ಸೋಮವಾರ ಆವಲಪ್ಪನ ಬಿಡುಗಡೆಯಾಯಿತು. ಇನ್‌ಸ್ಪೆಕ್ಟರ್ ಸಾಹೇಬರು ಅಂದು ಠಾಣೆಗೆ ತಡವಾಗಿ ಬಂದರು.

ಗೇರ್ ಸೈಕಲ್ ಈಗ ಠಾಣೆಯ ಗೋಡೆಗೆ ಒರಗಿತ್ತು. ಹಿಡಿಕೆಗೆ ಕೇಸಿನ ಚೀಟಿ. ಮೊಕದ್ದಮೆ ಮುಗಿಯುವವರೆಗೆ ಆ ಗೇರನ್ನು ಯಾರೂ ಮುಟ್ಟುವಂತಿಲ್ಲ, ಬಾಗಿದ ಕಿವಿಯನ್ನು ನೆಟ್ಟಗೆ ಮಾಡುವಂತಿಲ್ಲ. ಅದರ ಪಕ್ಕದಲ್ಲೇ ಆವಲಪ್ಪನ ಕಪ್ಪು ಸೈಕಲ್. ವಾರವೆಲ್ಲ ಯಾರುಯಾರೋ ಎಳೆದಾಡಿ ಚೈನ್ ಕವರ್ ನಜ್ಜಾಗಿತ್ತು. ಮುಂದಿನ ಚಕ್ರ ಸೊಟ್ಟಗಾಗಿತ್ತು.

ಆವಲಪ್ಪ ಅದನ್ನು ತಳ್ಳಿ ನೋಡಿದ. ಚಕ್ರ ಕವಲಿಗೆ ಉಜ್ಜಿ ನಿಂತಿತು. ಮುಂದಕ್ಕೆ ಎತ್ತಿ ತಳ್ಳಿದ. ಮತ್ತೆ ನಿಂತಿತು. ಅಂಜನಮ್ಮ ಖಾಲಿ ಬುತ್ತಿ ಹಿಡಿದು ಗೇಟಿನ ಹೊರಗೆ ಕಾಯುತ್ತಿದ್ದಳು. ಒಳಗೆ ಕಾಲಿಡಲಿಲ್ಲ.

ತಪ್ಪಾಯಿತು ಎಂಬುದು ನರಸಿಂಹಯ್ಯನ ಬಾಯಿಗೆ ಬಂದು, ತೀರಾ ಚಿಕ್ಕದೆನಿಸಿ ಹಿಂದೆ ಹೋಯಿತು. "ಬಿಟ್ಟು ಹೋಗಪ್ಪಾ," ಎಂದ. "ಸಂಜೆ ನಾನೇ ಸರಿಮಾಡಿ ತಂದುಕೊಡ್ತೀನಿ."

ಆವಲಪ್ಪ ತಿರುಗಿದ. ಗೋಡೆಗೊರಗಿದ್ದ ಗೇರ್ ಸೈಕಲ್ಲನ್ನೊಮ್ಮೆ ನೋಡಿದ. ಅವನ ಮಣಿಕಟ್ಟುಗಳ ಮೇಲೆ ಬೇಡಿಯ ಗುರುತು ಇನ್ನೂ ಇತ್ತು.

"ಬ್ಯಾಡಿ ಸಾರ್. ನೀವು ಸರಿಮಾಡಕ್ ಕೂತ್ರೆ ಒಂದ್ ವಾರ ಆಯ್ತದೆ."

ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡ. ಗೇಟು ದಾಟಿ, ಹೆಂಡತಿಯ ಹಿಂದೆ, ಕೆರೆ ಏರಿಯತ್ತ ನಡೆದ.